ಸಸ್ಯಸಾರ, ರಕ್ತನಾಳದ ಒಳಪದರ ಮತ್ತು ‘ಆಂಟಿಆಕ್ಸಿಡೆಂಟ್’ ಎಂಬ ಹಣೆಪಟ್ಟಿ

ಯಾವುದೋ ಎಲೆಯ, ತೊಗಟೆಯ ಅಥವಾ ಹಣ್ಣಿನ ಸಾರವು ರಕ್ತನಾಳದ ಜೀವಕೋಶಗಳಲ್ಲಿ ಉರಿಯೂತವನ್ನು ತಗ್ಗಿಸಿದೆ ಎಂಬ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಅದರ ಜೊತೆಗೆ ಹೆಚ್ಚುಕಡಿಮೆ ಒಂದೇ ಬಗೆಯ ವಿವರಣೆಯೂ ಇರುತ್ತದೆ: ಸಸ್ಯದಲ್ಲಿರುವ ಆಂಟಿಆಕ್ಸಿಡೆಂಟ್‌ಗಳು ದೇಹದಲ್ಲಿ ಹುಟ್ಟುವ, ಸುತ್ತಲಿನ ಅಣುಗಳನ್ನು ಕೆಡಿಸುವ ಚುರುಕಾದ ಅಣುಗಳಾದ ಫ್ರೀ ರ್‍ಯಾಡಿಕಲ್‌ಗಳನ್ನು ನಾಶಮಾಡುತ್ತವೆ, ಆದ್ದರಿಂದ ಉರಿಯೂತ ಇಳಿಯುತ್ತದೆ, ಆದ್ದರಿಂದ ಹೃದಯಕ್ಕೆ ಒಳ್ಳೆಯದು. ಸುದ್ದಿಯ ಹಿಂದಿನ ಪ್ರಯೋಗ ಸಾಮಾನ್ಯವಾಗಿ ನಿಜವಾದದ್ದೇ. ತೊಂದರೆ ಇರುವುದು ಈ ಎರಡು ‘ಆದ್ದರಿಂದ’ಗಳಲ್ಲಿ. ಮೊದಲನೆಯದು ಬಹುಪಾಲು ತಪ್ಪು, ಎರಡನೆಯದು ಇನ್ನೂ ಸಾಬೀತಾಗಬೇಕಾದದ್ದು. ಇದು ಏಕೆ ಹಾಗೆ ಎಂದು ತಿಳಿಯಬೇಕಾದರೆ ರಕ್ತನಾಳದ ಒಳಗೋಡೆಯಿಂದಲೇ ಆರಂಭಿಸಬೇಕು.

ನಮ್ಮ ಎಲ್ಲ ರಕ್ತನಾಳಗಳ ಒಳಮೈಗೆ, ಹೃದಯದಿಂದ ಹೊರಡುವ ಮಹಾಪಧಮನಿಯಿಂದ ಹಿಡಿದು ಕೂದಲಿಗಿಂತ ತೆಳುವಾದ ಲೋಮನಾಳದವರೆಗೆ, ಒಂದೇ ಒಂದು ಸಾಲು ಜೀವಕೋಶಗಳ ಹೊದಿಕೆ ಇದೆ. ಇದನ್ನು ಎಂಡೋಥೀಲಿಯಂ ಎನ್ನುತ್ತಾರೆ. ಈ ಲೇಖನದಲ್ಲಿ ಒಳಪದರ ಎಂದು ಕರೆಯೋಣ. ಬಹುಕಾಲ ಇದನ್ನು ರಕ್ತ ಸೋರದಂತೆ ತಡೆಯುವ ಬರಿಯ ಅಸ್ತರಿ ಎಂದೇ ಭಾವಿಸಲಾಗಿತ್ತು. ಆ ಭಾವನೆಯನ್ನು ಬದಲಿಸಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕೆಲಸ ಮಾಡುತ್ತಿದ್ದ ರಾಬರ್ಟ್ ಫರ್ಚ್‌ಗಾಟ್ ಅವರ ಪ್ರಯೋಗ. ಮೊಲದ ಮಹಾಪಧಮನಿಯ ತುಂಡಿಗೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹಾಕಿದರೆ ಅದು ಒಮ್ಮೊಮ್ಮೆ ಸಡಿಲಗೊಳ್ಳುತ್ತಿತ್ತು, ಒಮ್ಮೊಮ್ಮೆ ಇಲ್ಲ. ತುಂಡನ್ನು ಸಿದ್ಧಪಡಿಸುವಾಗ ಒಳಮೈ ಉಜ್ಜಿಹೋಗಿದ್ದರೆ ಸಡಿಲಿಕೆ ಕಾಣುವುದಿಲ್ಲ, ಒಳಪದರ ಹಾಗೇ ಉಳಿದಿದ್ದರೆ ಮಾತ್ರ ಕಾಣುತ್ತದೆ ಎಂಬುದನ್ನು ಅವರು ಗುರುತಿಸಿ 1980ರಲ್ಲಿ ಪ್ರಕಟಿಸಿದರು. ಒಳಪದರವು ಹೊರಸೂಸುವ ಯಾವುದೋ ವಸ್ತು ಸುತ್ತಲಿನ ಸ್ನಾಯುವಿಗೆ ಸಡಿಲಗೊಳ್ಳಲು ಹೇಳುತ್ತಿದೆ ಎಂಬುದು ಅದರ ಅರ್ಥ. ಆ ವಸ್ತು ನೈಟ್ರಿಕ್ ಆಕ್ಸೈಡ್ ಎಂಬ ಪುಟ್ಟ ಅನಿಲ ಅಣು ಎಂದು ಮುಂದೆ ಖಚಿತವಾಯಿತು. 1998ರ ನೊಬೆಲ್ ವೈದ್ಯಕೀಯ ಪ್ರಶಸ್ತಿ ಫರ್ಚ್‌ಗಾಟ್, ಲೂಯಿ ಇಗ್ನಾರೊ ಮತ್ತು ಫೆರಿಡ್ ಮುರಾದ್ ಅವರಿಗೆ ಸಂದದ್ದು ಈ ಕೆಲಸಕ್ಕೇ.

ಆರೋಗ್ಯವಂತ ಒಳಪದರದ ಮೈ ನುಣುಪು. ಬಿಳಿ ರಕ್ತಕಣಗಳು ಅದರ ಮೇಲೆ ಜಾರಿಕೊಂಡು ಹೋಗುತ್ತವೆಯೇ ಹೊರತು ಅಂಟುವುದಿಲ್ಲ. ಧೂಮಪಾನ, ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಗೋಡೆಯೊಳಗೆ ಸಿಕ್ಕಿಬಿದ್ದು ಉತ್ಕರ್ಷಣಗೊಂಡ (ಸಕ್ರಿಯ ಆಮ್ಲಜನಕದೊಡನೆ ವರ್ತಿಸಿ ಕೆಟ್ಟ) ಎಲ್‌ಡಿಎಲ್ ಕೊಲೆಸ್ಟರಾಲ್ ಇವೆಲ್ಲ ಈ ಜೀವಕೋಶಗಳನ್ನು ಕೆರಳಿಸುತ್ತವೆ. ಕೆರಳಿದ ಜೀವಕೋಶದಲ್ಲಿ ಆಗುವ ಮುಖ್ಯ ಬದಲಾವಣೆ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನಿನದು. ಸಾಮಾನ್ಯ ಸ್ಥಿತಿಯಲ್ಲಿ ಇನ್ನೊಂದು ಪ್ರೋಟೀನು ಇದನ್ನು ಕೋಶರಸದಲ್ಲೇ ಹಿಡಿದಿಟ್ಟಿರುತ್ತದೆ. ಟಿಎನ್‌ಎಫ್-ಆಲ್ಫಾದಂತಹ ಉರಿಯೂತದ ಸಂದೇಶ ಹೊರಗಿನಿಂದ ಬಂದೊಡನೆ ಆ ಹಿಡಿತದ ಪ್ರೋಟೀನು ಚೂರಾಗಿ, ಬಿಡುಗಡೆಯಾದ ಎನ್‌ಎಫ್-ಕಪ್ಪಾ-ಬಿ ಕೋಶಕೇಂದ್ರದೊಳಗೆ ಹೋಗಿ ಉರಿಯೂತಕ್ಕೆ ಬೇಕಾದ ಜೀನುಗಳನ್ನು ಎಬ್ಬಿಸುತ್ತದೆ. ಕೆಲವೇ ಗಂಟೆಗಳಲ್ಲಿ ಜೀವಕೋಶದ ಹೊರಮೈಯಲ್ಲಿ ವಿಕ್ಯಾಮ್-1, ಐಕ್ಯಾಮ್-1, ಇ-ಸೆಲೆಕ್ಟಿನ್ ಎಂಬ ಅಂಟು ಪ್ರೋಟೀನುಗಳು ಮೂಡುತ್ತವೆ. ಹುಲ್ಲಿನ ನಡುವೆ ನಡೆದುಹೋಗುವವರ ಪಂಚೆಗೆ ಉತ್ತರಾಣಿಯ ಬೀಜ ಕಚ್ಚಿಕೊಳ್ಳುವ ಹಾಗೆ, ಹಾದುಹೋಗುವ ಮಾನೊಸೈಟ್ ಎಂಬ ಬಿಳಿ ರಕ್ತಕಣಗಳು ಈ ಪ್ರೋಟೀನುಗಳಿಗೆ ಕಚ್ಚಿಕೊಂಡು, ನಿಧಾನವಾಗಿ ಗೋಡೆಯೊಳಗೆ ನುಸುಳಿ, ಕೊಬ್ಬನ್ನು ನುಂಗಿ ಅಲ್ಲೇ ಉಳಿದುಬಿಡುತ್ತವೆ. ಅಪಧಮನಿಯ ಗೋಡೆಯಲ್ಲಿ ಕೊಬ್ಬಿನ ಗಡ್ಡೆ ಕಟ್ಟುವುದು ಶುರುವಾಗುವುದು ಹೀಗೆ.

ಇದರಲ್ಲಿ ಉತ್ಕರ್ಷಣದ ಪಾತ್ರ ಎಲ್ಲಿ ಬರುತ್ತದೆ? ಕೆರಳಿದ ಒಳಪದರದ ಜೀವಕೋಶವು ಸೂಪರ್‌ಆಕ್ಸೈಡ್ ಎಂಬ ಸಕ್ರಿಯ ಆಮ್ಲಜನಕವನ್ನು ಹೆಚ್ಚು ಉತ್ಪಾದಿಸುತ್ತದೆ. ಇದು ಎರಡು ಕೆಲಸ ಮಾಡುತ್ತದೆ. ಒಂದು, ಉರಿಯೂತದ ಸಂದೇಶಕ್ಕೆ ಇನ್ನಷ್ಟು ಬಲ ಕೊಡುತ್ತದೆ. ಇನ್ನೊಂದು, ನೈಟ್ರಿಕ್ ಆಕ್ಸೈಡ್‌ನ ಜೊತೆ ಕೂಡಿ ಪೆರಾಕ್ಸಿನೈಟ್ರೈಟ್ ಎಂಬ ಹಾನಿಕರ ಸಂಯುಕ್ತವಾಗುತ್ತದೆ. ಅಂದರೆ ನಾಳವನ್ನು ಸಡಿಲವಾಗಿಡಬೇಕಾದ ಅಣುವೇ ಖರ್ಚಾಗಿಹೋಗುತ್ತದೆ. ಹಾಗಾದರೆ ಸೂಪರ್‌ಆಕ್ಸೈಡನ್ನು ಹಿಡಿದುಹಾಕುವ ಸಸ್ಯವಸ್ತುವೊಂದನ್ನು ಕೊಟ್ಟರೆ ಎಲ್ಲವೂ ಸರಿಹೋಗಬೇಕಲ್ಲ ಎಂಬ ಯೋಚನೆ ಬರುವುದು ಸಹಜ. ಆಂಟಿಆಕ್ಸಿಡೆಂಟ್ ಎಂಬ ಹೆಸರಿಗೆ ಇಷ್ಟು ಮರ್ಯಾದೆ ಬಂದದ್ದೂ ಈ ಯೋಚನೆಯಿಂದಲೇ.

ಈಗ ಪ್ರಯೋಗಾಲಯಕ್ಕೆ ಬರೋಣ. ಇಂತಹ ಅಧ್ಯಯನಗಳಲ್ಲಿ ಬಳಕೆಯಾಗುವ ಜೀವಕೋಶಗಳು ಬಹುಮಟ್ಟಿಗೆ ಬರುವುದು ಹೆರಿಗೆ ವಾರ್ಡಿನಿಂದ. ಹೆರಿಗೆಯ ನಂತರ ಎಸೆಯಬೇಕಾದ ಹೊಕ್ಕುಳಬಳ್ಳಿಯನ್ನು ತಾಯಿಯ ಒಪ್ಪಿಗೆ ಪಡೆದು ತಂದು, ಅದರ ಅಭಿಧಮನಿಯೊಳಗಿನ ರಕ್ತವನ್ನು ತೊಳೆದು, ಕೊಲಾಜನೇಸ್ ಎಂಬ ಕಿಣ್ವವನ್ನು ತುಂಬಿ ಕೆಲವು ನಿಮಿಷ ಬಿಟ್ಟರೆ ಒಳಪದರದ ಜೀವಕೋಶಗಳು ಗೋಡೆಯಿಂದ ಬಿಟ್ಟುಬರುತ್ತವೆ. ಅವನ್ನು ಪೋಷಕ ದ್ರವದಲ್ಲಿ ಬೆಳೆಸಿದಾಗ ತಟ್ಟೆಯ ತಳದಲ್ಲಿ ನೆಲಕ್ಕೆ ಕಲ್ಲು ಹಾಸಿದಂತೆ ಒತ್ತೊತ್ತಾಗಿ ಹರಡಿಕೊಳ್ಳುತ್ತವೆ. ಎರಿಕ್ ಜಾಫೆ ಮತ್ತು ಸಂಗಡಿಗರು 1973ರಲ್ಲಿ ವಿವರಿಸಿದ ಈ ವಿಧಾನ ಇಂದಿಗೂ ಹೆಚ್ಚು ಬದಲಾಗಿಲ್ಲ. ಇನ್ನೊಂದು ಕಡೆ ಸಸ್ಯಸಾರ ತಯಾರಾಗುತ್ತದೆ. ನೆರಳಲ್ಲಿ ಒಣಗಿಸಿದ ಎಲೆಯನ್ನು ಪುಡಿಮಾಡಿ, ನೀರು ಬೆರೆಸಿದ ಆಲ್ಕೊಹಾಲಿನಲ್ಲಿ ನೆನೆಸಿ, ಸೋಸಿ, ಕಡಿಮೆ ಒತ್ತಡದಲ್ಲಿ ದ್ರಾವಕವನ್ನು ಆವಿಯಾಗಿಸಿದರೆ ಉಳಿಯುವ ಅಂಟಂಟಾದ ವಸ್ತುವೇ ಸಾರ. ಯಾವ ದ್ರಾವಕ ಬಳಸಿದರು ಎಂಬುದು ಇಲ್ಲಿ ಬಹಳ ಮುಖ್ಯ. ನೀರಿನಲ್ಲಿ ಇಳಿಯುವುದು ಒಂದು ಗುಂಪಿನ ರಾಸಾಯನಿಕ, ಆಲ್ಕೊಹಾಲಿನಲ್ಲಿ ಇಳಿಯುವುದು ಇನ್ನೊಂದು. ಮನೆಯಲ್ಲಿ ನೀರು ಕುದಿಸಿ ಮಾಡಿದ ಕಷಾಯವೂ ಪ್ರಯೋಗಾಲಯದ ಮೆಥನಾಲ್ ಸಾರವೂ ಒಂದೇ ಗಿಡದಿಂದ ಬಂದರೂ ಒಂದೇ ವಸ್ತುವಲ್ಲ.

ಪ್ರಯೋಗ ನಡೆಯುವುದು ಹೀಗೆ. ಜೀವಕೋಶಗಳಿಗೆ ಮೊದಲು ಸಾರವನ್ನು ಹಾಕಿ ಕೆಲವು ಗಂಟೆ ಬಿಡುತ್ತಾರೆ, ಆಮೇಲೆ ಟಿಎನ್‌ಎಫ್-ಆಲ್ಫಾ ಹಾಕಿ ಕೆರಳಿಸುತ್ತಾರೆ. ನಂತರ ವಿಕ್ಯಾಮ್-1 ಎಷ್ಟು ಮೂಡಿದೆ, ಎನ್‌ಎಫ್-ಕಪ್ಪಾ-ಬಿ ಕೋಶಕೇಂದ್ರಕ್ಕೆ ಹೋಗಿದೆಯೇ, ಹೊಳೆಯುವ ಬಣ್ಣ ಹಚ್ಚಿದ ಮಾನೊಸೈಟ್‌ಗಳನ್ನು ಮೇಲೆ ಸುರಿದು ತೊಳೆದಾಗ ಎಷ್ಟು ಅಂಟಿಕೊಂಡು ಉಳಿದವು ಎಂದು ಅಳೆಯುತ್ತಾರೆ. ಸಾರ ಹಾಕಿದ ತಟ್ಟೆಯಲ್ಲಿ ಅಂಟಿದ ಮಾನೊಸೈಟ್‌ಗಳು ಕಡಿಮೆಯಿದ್ದರೆ ‘ಉರಿಯೂತ ತಗ್ಗಿತು’ ಎಂಬ ಫಲಿತಾಂಶ ಬರುತ್ತದೆ. ಇಲ್ಲೊಂದು ಎಚ್ಚರಿಕೆ ಬೇಕು. ಸಾರವೇ ವಿಷವಾಗಿ ಅರ್ಧ ಜೀವಕೋಶಗಳನ್ನು ಕೊಂದಿದ್ದರೂ ಇದೇ ಫಲಿತಾಂಶ ಬಂದೀತು. ಆದ್ದರಿಂದಲೇ ಒಳ್ಳೆಯ ಅಧ್ಯಯನಗಳು ಜೀವಕೋಶಗಳು ಬದುಕಿವೆಯೇ ಎಂಬುದನ್ನು ಪ್ರತ್ಯೇಕವಾಗಿ ಪರೀಕ್ಷಿಸಿ, ಆ ಅಂಕಿಯನ್ನು ಮೊದಲೇ ಮುಂದಿಡುತ್ತವೆ.

ಈ ಪ್ರಯೋಗದ ಜೊತೆಗೆ ಹೆಚ್ಚಿನ ಪ್ರಬಂಧಗಳಲ್ಲಿ ಡಿಪಿಪಿಎಚ್ ಎಂಬ ಪರೀಕ್ಷೆಯೂ ಇರುತ್ತದೆ. ಕಡುನೇರಳೆ ಬಣ್ಣದ ದ್ರಾವಣಕ್ಕೆ ಸಸ್ಯಸಾರ ಹಾಕಿದರೆ ಅದು ಹಳದಿಗೆ ತಿರುಗುತ್ತದೆ. ಎಷ್ಟು ಬೇಗ, ಎಷ್ಟು ಕಡಿಮೆ ಸಾರಕ್ಕೆ ತಿರುಗಿತೋ ಅಷ್ಟು ‘ಆಂಟಿಆಕ್ಸಿಡೆಂಟ್ ಶಕ್ತಿ’ ಎಂದು ಲೆಕ್ಕ. ನೋಡಲು ಚೆಂದ, ಖರ್ಚೂ ಕಡಿಮೆ. ಆದರೆ ಡಿಪಿಪಿಎಚ್ ನಮ್ಮ ದೇಹದಲ್ಲಿ ಎಲ್ಲೂ ಇಲ್ಲದ, ಬಾಟಲಿಯಲ್ಲಿ ತಿಂಗಳುಗಟ್ಟಲೆ ಇಡಬಹುದಾದ ಕೃತಕ ರ್‍ಯಾಡಿಕಲ್. ಜೀವಕೋಶ, ಕಿಣ್ವ, ರಕ್ತ ಯಾವುದೂ ಇಲ್ಲದ ಈ ಪರೀಕ್ಷೆಯಿಂದ ರಕ್ತನಾಳದ ಬಗ್ಗೆ ಏನನ್ನೂ ಹೇಳಲಾಗದು. ಇದೇ ಜಾತಿಯ ಒರಾಕ್ ಎಂಬ ಅಳತೆಯಲ್ಲಿ ಆಹಾರ ಪದಾರ್ಥಗಳಿಗೆ ಅಂಕ ಕೊಟ್ಟು ಪಟ್ಟಿ ಪ್ರಕಟಿಸಿದ್ದ ಅಮೆರಿಕದ ಕೃಷಿ ಇಲಾಖೆ, ಆ ಅಂಕಗಳಿಗೂ ಮನುಷ್ಯರ ಆರೋಗ್ಯಕ್ಕೂ ಸಂಬಂಧ ಕಾಣದ ಕಾರಣ ಮತ್ತು ಕಂಪನಿಗಳು ಅವನ್ನು ಜಾಹೀರಾತಿಗೆ ದುರ್ಬಳಕೆ ಮಾಡುತ್ತಿದ್ದ ಕಾರಣ 2012ರಲ್ಲಿ ಇಡೀ ಪಟ್ಟಿಯನ್ನೇ ಹಿಂತೆಗೆದುಕೊಂಡಿತು. ಅಂಕಗಳು ಮಾತ್ರ ಡಬ್ಬಿಗಳ ಮೇಲೆ ಇನ್ನೂ ಓಡಾಡುತ್ತಿವೆ.

ಫ್ರೀ ರ್‍ಯಾಡಿಕಲ್ ಹಿಡಿದುಹಾಕುವ ವಿವರಣೆ ಏಕೆ ನಿಲ್ಲುವುದಿಲ್ಲ ಎಂಬುದಕ್ಕೆ ರಸಾಯನಶಾಸ್ತ್ರದ ಉತ್ತರ ಸರಳವಾಗಿದೆ. ಸೂಪರ್‌ಆಕ್ಸೈಡ್ ಮತ್ತು ನೈಟ್ರಿಕ್ ಆಕ್ಸೈಡ್ ಎದುರಾದ ಕ್ಷಣವೇ ಕೂಡಿಬಿಡುತ್ತವೆ. ಅದಕ್ಕಿಂತ ವೇಗದ ರಾಸಾಯನಿಕ ಕ್ರಿಯೆಗಳು ದೇಹದಲ್ಲಿ ಅಪರೂಪ. ಇವೆರಡರ ನಡುವೆ ನುಗ್ಗಿ ತಡೆಯಬೇಕಾದರೆ ಸಸ್ಯವಸ್ತು ಅಗಾಧ ಪ್ರಮಾಣದಲ್ಲಿ ಅಲ್ಲೇ ಇರಬೇಕು. ವಾಸ್ತವದಲ್ಲಿ, ಊಟದ ನಂತರ ರಕ್ತದಲ್ಲಿ ಕಾಣುವ, ಹಣ್ಣು-ತರಕಾರಿಗಳ ‘ಆಂಟಿಆಕ್ಸಿಡೆಂಟ್’ ವಸ್ತುಗಳಾದ ಫ್ಲೇವನಾಯ್ಡ್‌ಗಳ ಪ್ರಮಾಣ ಸಾಮಾನ್ಯವಾಗಿ ಲೀಟರಿಗೆ ಒಂದು ಮೈಕ್ರೊಮೋಲ್ ಮುಟ್ಟುವುದೂ ಕಷ್ಟ. ಅದೇ ರಕ್ತದಲ್ಲಿ ವಿಟಮಿನ್ ಸಿ ಅದರ ಹತ್ತಾರು ಪಟ್ಟು, ನಾವು ಗೌಟ್ ಕಾಯಿಲೆಗೆ ಬೈಯುವ ಯೂರಿಕ್ ಆಮ್ಲ ಅದರ ನೂರಾರು ಪಟ್ಟು ಇರುತ್ತವೆ, ಮತ್ತು ಅವೆರಡೂ ಆಂಟಿಆಕ್ಸಿಡೆಂಟ್‌ಗಳೇ. ಸೇಬು ತಿಂದವರ ರಕ್ತದ ಆಂಟಿಆಕ್ಸಿಡೆಂಟ್ ಶಕ್ತಿ ಏರುವುದನ್ನು ಪರಿಶೀಲಿಸಿದ ಲೊಟಿಟೊ ಮತ್ತು ಫ್ರೈ ಎಂಬ ಸಂಶೋಧಕರು, ಆ ಏರಿಕೆಗೆ ಕಾರಣ ಸೇಬಿನ ಫ್ಲೇವನಾಯ್ಡ್ ಅಲ್ಲ, ಹಣ್ಣಿನ ಸಕ್ಕರೆಯಾದ ಫ್ರಕ್ಟೋಸ್‌ನಿಂದ ಏರಿದ ಯೂರಿಕ್ ಆಮ್ಲ ಎಂದು ತೋರಿಸಿದರು.

ಆದರೂ ತಟ್ಟೆಯಲ್ಲಿ ವಿಕ್ಯಾಮ್-1 ಕಡಿಮೆಯಾಗುವುದು ನಿಜವಲ್ಲವೇ? ನಿಜ. ಅದರ ಕಾರಣ ಬೇರೆ, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಅತ್ಯಂತ ಸ್ವಾರಸ್ಯಕರ ಭಾಗ ಇದೇ. ಜೀವಕೋಶದಲ್ಲಿ ಎನ್‌ಆರ್‌ಎಫ್-2 ಎಂಬ ಇನ್ನೊಂದು ಪ್ರೋಟೀನು ಇದೆ. ಕೀಪ್-1 ಎಂಬ ಕಾವಲು ಪ್ರೋಟೀನು ಅದನ್ನು ಹಿಡಿದು, ಹುಟ್ಟಿದ ಹುಟ್ಟಿದಂತೆ ನಾಶಕ್ಕೆ ಕಳುಹಿಸುತ್ತಿರುತ್ತದೆ. ಕೀಪ್-1ರ ಮೈಮೇಲಿರುವ ಗಂಧಕದ ಗುಂಪುಗಳಿಗೆ ಯಾವುದಾದರೂ ಚುರುಕಾದ ರಾಸಾಯನಿಕ ಬಂದು ಅಂಟಿದರೆ ಅದರ ಹಿಡಿತ ತಪ್ಪುತ್ತದೆ. ಆಗ ಉಳಿದುಕೊಂಡ ಎನ್‌ಆರ್‌ಎಫ್-2 ಕೋಶಕೇಂದ್ರಕ್ಕೆ ಹೋಗಿ, ಗ್ಲೂಟಥಯೋನ್ ತಯಾರಿಸುವ ಕಿಣ್ವಗಳು, ಹೀಮ್ ಆಕ್ಸಿಜನೇಸ್-1 ಮೊದಲಾದ ಜೀವಕೋಶದ ಸ್ವಂತ ರಕ್ಷಣಾ ಸಾಮಗ್ರಿಯನ್ನು ತಯಾರಿಸಲು ಆದೇಶ ಕೊಡುತ್ತದೆ. ಅರಿಸಿನದ ಕರ್ಕ್ಯುಮಿನ್, ಎಲೆಕೋಸಿನ ಜಾತಿಯ ತರಕಾರಿಗಳಿಂದ ಬರುವ ಸಲ್ಫೊರಾಫೇನ್ ಇವೆಲ್ಲ ಹೀಗೆ ಕೀಪ್-1ಕ್ಕೆ ಅಂಟುವ ಅಣುಗಳು. ಗಮನಿಸಬೇಕಾದ ಸಂಗತಿಯೆಂದರೆ, ಇಲ್ಲಿ ಸಸ್ಯವಸ್ತು ಬೆಂಕಿ ಆರಿಸುತ್ತಿಲ್ಲ. ಜೀವಕೋಶಕ್ಕೆ ತಾನೇ ಒಂದು ಸಣ್ಣ ಕಿರುಕುಳವಾಗಿ, ಅದರ ರಕ್ಷಣೆಯನ್ನು ಎಚ್ಚರಿಸುತ್ತಿದೆ. ಗಿಡಗಳು ಇಂತಹ ಅಣುಗಳನ್ನು ಕಟ್ಟುವುದು ಬಹುಮಟ್ಟಿಗೆ ಕೀಟ, ಶಿಲೀಂಧ್ರ, ಬಿಸಿಲುಗಳಿಂದ ಪಾರಾಗಲು ಎಂಬುದನ್ನು ನೆನೆದರೆ ಇದು ಅಷ್ಟೇನೂ ಆಶ್ಚರ್ಯವಲ್ಲ. ಆಂಟಿಆಕ್ಸಿಡೆಂಟ್ ಎಂಬ ಹಣೆಪಟ್ಟಿ ಹೊತ್ತ ವಸ್ತು ಎಷ್ಟೋ ಬಾರಿ ಜೀವಕೋಶದೊಳಗೆ ಅದಕ್ಕೆ ಉಲ್ಟಾ ಕೆಲಸ ಮಾಡಿಯೇ ಉಪಕಾರ ಮಾಡುತ್ತದೆ.

ತಟ್ಟೆಯ ಫಲಿತಾಂಶವನ್ನು ಕಣ್ಣುಮುಚ್ಚಿ ನಂಬದಿರಲು ಇನ್ನೂ ಕೆಲವು ಕಾರಣಗಳಿವೆ. ಸಿಂಗಪುರದ ಬ್ಯಾರಿ ಹ್ಯಾಲಿವೆಲ್ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದಂತೆ, ಗ್ರೀನ್ ಟೀಯ ಕ್ಯಾಟೆಚಿನ್‌ಗಳಂತಹ, ಫ್ಲೇವನಾಯ್ಡ್‌ಗಳೂ ಸೇರಿದ ದೊಡ್ಡ ಗುಂಪಿನ ಪಾಲಿಫಿನಾಲ್‌ಗಳನ್ನು ಜೀವಕೋಶ ಬೆಳೆಸುವ ದ್ರವಕ್ಕೆ ಹಾಕಿದರೆ ಅವು ಆ ದ್ರವದಲ್ಲೇ ಉತ್ಕರ್ಷಣಗೊಂಡು ಹೈಡ್ರೊಜನ್ ಪೆರಾಕ್ಸೈಡ್ ಹುಟ್ಟಿಸುತ್ತವೆ; ಜೀವಕೋಶ ಪ್ರತಿಕ್ರಿಯಿಸುವುದು ಚಹಾಕ್ಕೋ ಪೆರಾಕ್ಸೈಡ್‌ಗೋ ಹೇಳುವುದು ಕಷ್ಟ. ಕರ್ಕ್ಯುಮಿನ್ ಇನ್ನೂ ತಂಟೆಯ ವಸ್ತು. ಸೀರಂ (ರಕ್ತದ ತಿಳಿದ್ರವ) ಇಲ್ಲದ, ದೇಹದ ಉಷ್ಣತೆಯ ದ್ರವದಲ್ಲಿ ಅದರ ಹತ್ತರಲ್ಲಿ ಒಂಬತ್ತು ಪಾಲು ಅರ್ಧ ಗಂಟೆಯಲ್ಲೇ ಒಡೆದುಹೋಗುತ್ತದೆ. ಸಾಲದ್ದಕ್ಕೆ ಅದು ಸ್ವತಃ ಹಸಿರಾಗಿ ಹೊಳೆಯುವ ಹಳದಿ ಬಣ್ಣ. ಸಕ್ರಿಯ ಆಮ್ಲಜನಕವನ್ನು ಅಳೆಯಲು ಬಳಸುವ ಬಣ್ಣವೂ ಹಸಿರಾಗಿಯೇ ಹೊಳೆಯುವುದರಿಂದ ಯಂತ್ರದ ಓದು ಎಡವಟ್ಟಾಗಬಹುದು. ಇಂತಹ ಕಾರಣಗಳನ್ನೆಲ್ಲ ಒಟ್ಟುಗೂಡಿಸಿ 2017ರಲ್ಲಿ ಔಷಧ ರಸಾಯನಶಾಸ್ತ್ರಜ್ಞರ ತಂಡವೊಂದು ಕರ್ಕ್ಯುಮಿನ್ ಕುರಿತ ಸಂಶೋಧನೆಗಳ ರಾಶಿಯನ್ನು ಖಾರವಾಗಿಯೇ ವಿಮರ್ಶಿಸಿತು. ಇದಲ್ಲದೆ ಹೊಕ್ಕುಳಬಳ್ಳಿಯ ಜೀವಕೋಶಗಳು ನವಜಾತ ಶಿಶುವಿನವು, ಅಭಿಧಮನಿಯವು, ಮತ್ತು ತಟ್ಟೆಯಲ್ಲಿ ನಿಂತ ದ್ರವದಲ್ಲಿರುವವು. ಕೊಬ್ಬಿನ ಗಡ್ಡೆ ಕಟ್ಟುವುದು ವಯಸ್ಕರ ಅಪಧಮನಿಗಳಲ್ಲಿ, ಅದರಲ್ಲೂ ಕವಲೊಡೆಯುವ ಕಡೆ ರಕ್ತದ ಹರಿವು ಸುಳಿಯಾಗುವ ಜಾಗದಲ್ಲಿ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಪ್ರಮಾಣದ್ದು, ಮತ್ತು ಇದನ್ನು ಯಾರು ಬೇಕಾದರೂ ಲೆಕ್ಕ ಹಾಕಿ ನೋಡಬಹುದು. ಪ್ರಬಂಧದಲ್ಲಿ ‘ಮಿಲಿಲೀಟರಿಗೆ 100 ಮೈಕ್ರೊಗ್ರಾಂ ಸಾರ’ ಎಂದು ಬರೆದಿದೆ ಎನ್ನಿ; ಇದು ಇಂತಹ ಅಧ್ಯಯನಗಳಲ್ಲಿ ತೀರ ಸಾಮಾನ್ಯವಾದ ಅಂಕಿ. ವಯಸ್ಕರ ದೇಹದಲ್ಲಿರುವ ಪ್ಲಾಸ್ಮಾ, ಅಂದರೆ ರಕ್ತಕಣಗಳನ್ನು ಬಿಟ್ಟ ರಕ್ತದ ದ್ರವಭಾಗ, ಸುಮಾರು 3 ಲೀಟರ್. ಅಷ್ಟೇ ಸಾಂದ್ರತೆ ಅಲ್ಲಿ ಬರಬೇಕಾದರೆ 300 ಮಿಲಿಗ್ರಾಂ ಸಾರ ಏಕಕಾಲದಲ್ಲಿ ರಕ್ತದಲ್ಲೇ ತೇಲುತ್ತಿರಬೇಕು. ನುಂಗಿದ್ದರಲ್ಲಿ ಒಂದು ಚೂರೂ ಮಲದಲ್ಲಿ ಹೋಗಬಾರದು, ಕರುಳು ಮತ್ತು ಯಕೃತ್ತು ಅದನ್ನು ಬದಲಿಸಬಾರದು, ಮೂತ್ರಪಿಂಡ ಸೋಸಬಾರದು. ದೇಹ ನಡೆದುಕೊಳ್ಳುವುದು ಇದಕ್ಕೆ ಪೂರ್ತಿ ವಿರುದ್ಧವಾಗಿ. ಪಾಲಿಫಿನಾಲ್‌ಗಳನ್ನು ಅದು ಹೊರಗಿನ ಕಸವೆಂದೇ ಪರಿಗಣಿಸಿ, ಕರುಳಿನ ಗೋಡೆ ಮತ್ತು ಯಕೃತ್ತಿನಲ್ಲಿ ಗ್ಲುಕುರೊನಿಕ್ ಆಮ್ಲವನ್ನೋ ಸಲ್ಫೇಟನ್ನೋ ಜೋಡಿಸಿ ಹೊರಹಾಕುತ್ತದೆ. ಒಳಪದರದ ಜೀವಕೋಶಕ್ಕೆ ತಲುಪುವುದು ಹೆಚ್ಚಾಗಿ ಈ ಬಾಲ ಅಂಟಿಸಿಕೊಂಡ ರೂಪವೇ ಹೊರತು ತಟ್ಟೆಗೆ ಸುರಿದ ಮೂಲರೂಪವಲ್ಲ.

ಈ ವಿಚಾರದಲ್ಲಿ ಜಗತ್ತಿನಾದ್ಯಂತ ಉಲ್ಲೇಖಗೊಳ್ಳುವ ಒಂದು ಅಧ್ಯಯನ ನಡೆದದ್ದು ಬೆಂಗಳೂರಿನಲ್ಲಿ. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಔಷಧಶಾಸ್ತ್ರ ವಿಭಾಗದವರು 1998ರಲ್ಲಿ ಪ್ರಕಟಿಸಿದಂತೆ, ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಒಂದನ್ನೇ ಕೊಟ್ಟಾಗ ರಕ್ತದಲ್ಲಿ ಅದು ಪತ್ತೆಯೇ ಆಗಲಿಲ್ಲ ಅಥವಾ ಅತ್ಯಲ್ಪ ಕಂಡಿತು. ಅದರ ಜೊತೆ ಕಾಳುಮೆಣಸಿನ ಖಾರದಂಶವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಲಭ್ಯತೆ ಶೇ. 2000ದಷ್ಟು ಏರಿತು. ಮಾರುಕಟ್ಟೆಯ ಅರಿಸಿನ ಮಾತ್ರೆಗಳ ಮೇಲೆ ‘ಮೆಣಸಿನ ಸಾರಸಹಿತ’ ಎಂದು ಇರುವುದಕ್ಕೆ ಮೂಲ ಇದೇ. ಎರಡು ಮಾತುಗಳನ್ನು ಸೇರಿಸಿ ಓದಬೇಕು. ಶೂನ್ಯಕ್ಕೆ ಹತ್ತಿರವಾದುದರ ಇಪ್ಪತ್ತು ಪಟ್ಟು ಎಂದರೂ ಅದು ದೊಡ್ಡ ಪ್ರಮಾಣವಲ್ಲ. ಆ ಏರಿಕೆಯೂ ಸೇವಿಸಿದ ಮೊದಲ ಒಂದು ಗಂಟೆಯೊಳಗಿನ ಮಾತು. ಇನ್ನು, ಅರಿಸಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಶೇ. 3ರ ಆಸುಪಾಸು, 2 ಗ್ರಾಂ ಕರ್ಕ್ಯುಮಿನ್‌ಗೆ ಅರವತ್ತು ಗ್ರಾಮಿಗೂ ಮೇಲ್ಪಟ್ಟ ಪುಡಿ ಬೇಕು. ಸಾರಿಗೆ ಹಾಕುವ ಚಿಟಿಕೆಯನ್ನು ಈ ಲೆಕ್ಕಕ್ಕೆ ಎಳೆದು ತರುವುದು ಬೇಡ. ಪೈಪರಿನ್ ಈ ಕೆಲಸ ಮಾಡುವುದು ಯಕೃತ್ತಿನ ವಿಲೇವಾರಿ ಕಿಣ್ವಗಳನ್ನು ತಡೆಯುವ ಮೂಲಕ, ಹಾಗಾಗಿ ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್‌ನಂತಹ ಔಷಧಗಳ ಮಟ್ಟವೂ ರಕ್ತದಲ್ಲಿ ಏರುತ್ತದೆ. ಇಟಲಿಯಲ್ಲಿ 2019ರಲ್ಲಿ ಅರಿಸಿನದ ಮಾತ್ರೆಗಳನ್ನು ಸೇವಿಸಿದ ಹಲವರಲ್ಲಿ ಯಕೃತ್ತಿನ ಉರಿಯೂತ ಕಂಡುಬಂದು ಸರ್ಕಾರ ಎಚ್ಚರಿಕೆ ನೀಡಬೇಕಾಯಿತು. ಗ್ರೀನ್ ಟೀಯ ಸಾಂದ್ರ ಸಾರದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ (ಅದರ ಮುಖ್ಯ ಕ್ಯಾಟೆಚಿನ್) ಸೇವಿಸಿದರೆ ಯಕೃತ್ತಿಗೆ ಅಪಾಯವಿರಬಹುದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿದೆ.

ಮನುಷ್ಯರ ಮೇಲಿನ ದೊಡ್ಡ ಪರೀಕ್ಷೆಗಳು ಏನು ಹೇಳಿವೆ? ಶುದ್ಧ ಆಂಟಿಆಕ್ಸಿಡೆಂಟ್‌ಗಳ ಕಥೆ ನಿರಾಶೆಯದು. ಫಿನ್‌ಲೆಂಡಿನಲ್ಲಿ 29,133 ಧೂಮಪಾನಿ ಪುರುಷರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೀಟಾ ಕ್ಯಾರೊಟೀನ್ ಮಾತ್ರೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. 2000ದಲ್ಲಿ ಪ್ರಕಟವಾದ ಹೋಪ್ ಅಧ್ಯಯನದಲ್ಲಿ 9,541 ಜನರಲ್ಲಿ ಅರ್ಧದಷ್ಟು ಮಂದಿಗೆ ಸುಮಾರು ನಾಲ್ಕೂವರೆ ವರ್ಷ ಕೊಟ್ಟ ವಿಟಮಿನ್ ಇ ಹೃದಯಾಘಾತವನ್ನು ತಡೆಯಲಿಲ್ಲ. ಸಸ್ಯಸಾರಕ್ಕೆ ಸಿಕ್ಕ ಅತ್ಯಂತ ನ್ಯಾಯವಾದ ಪರೀಕ್ಷೆ ಬಹುಶಃ ಅಮೆರಿಕದ ಕಾಸ್ಮೋಸ್. 21,442 ಹಿರಿಯರಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 500 ಮಿಲಿಗ್ರಾಂ ಫ್ಲೇವನಾಲ್ (ಒಂದು ಬಗೆಯ ಫ್ಲೇವನಾಯ್ಡ್) ಇರುವ ಕೋಕೋ ಸಾರ, ಉಳಿದವರಿಗೆ ಹುಸಿಮಾತ್ರೆ ಕೊಟ್ಟ ಈ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ಮುಖ್ಯ ಗುರಿಯಾಗಿದ್ದ ಒಟ್ಟು ಹೃದಯ-ರಕ್ತನಾಳ ಘಟನೆಗಳು ಶೇ. 10ರಷ್ಟು ಕಡಿಮೆ ಕಂಡರೂ ಅದು ಆಕಸ್ಮಿಕವಿರಬಹುದಾದ ವ್ಯಾಪ್ತಿಯಲ್ಲೇ ಇತ್ತು. ಹೃದಯ-ರಕ್ತನಾಳದ ಕಾಯಿಲೆಗಳಿಂದಾದ ಸಾವುಗಳು ಮಾತ್ರ ಶೇ. 27ರಷ್ಟು ಕಡಿಮೆಯಿದ್ದವು. ಎರಡನೆಯ ಅಂಕಿ ಆಕರ್ಷಕವಾಗಿದೆ, ಆದರೆ ಮುಖ್ಯ ಗುರಿ ತಪ್ಪಿದ ಅಧ್ಯಯನದ ಉಪಫಲಿತಾಂಶವನ್ನು ಇನ್ನೊಂದು ಅಧ್ಯಯನ ದೃಢಪಡಿಸುವ ತನಕ ಸುಳಿವು ಎಂದಷ್ಟೇ ಇಟ್ಟುಕೊಳ್ಳಬೇಕು.

ಹಾಗೆಂದು ರಕ್ತನಾಳದ ಉರಿಯೂತವನ್ನು ತಗ್ಗಿಸುವ ಆಲೋಚನೆಯೇ ತಪ್ಪೆಂದಲ್ಲ. ಹೃದಯಾಘಾತವಾಗಿದ್ದ 10,061 ಜನರ ಮೇಲೆ ನಡೆದ ಕ್ಯಾಂಟೋಸ್ ಅಧ್ಯಯನದಲ್ಲಿ, ಕೊಲೆಸ್ಟರಾಲನ್ನು ಇಳಿಸದೆ ಉರಿಯೂತದ ಒಂದು ಸಂದೇಶವಾಹಕವನ್ನಷ್ಟೇ ತಡೆಯುವ ಚುಚ್ಚುಮದ್ದು ಹೃದಯದ ಘಟನೆಗಳನ್ನು ಶೇ. 15ರಷ್ಟು ತಗ್ಗಿಸಿದ್ದು 2017ರಲ್ಲಿ ವರದಿಯಾಯಿತು. ಮಾರಕ ಸೋಂಕುಗಳು ತುಸು ಹೆಚ್ಚಿದ್ದೂ ಅದರ ಜೊತೆಗೇ ವರದಿಯಾಯಿತು. ಅಲ್ಲಿಂದ ಮುಂದೆ ಎಲ್ಲರ ಕಣ್ಣು ಬಿದ್ದದ್ದು ಒಂದು ಸಸ್ಯವಸ್ತುವಿನ ಮೇಲೆಯೇ, ಕೊಲ್ಚಿಸಿನ್. ಯುರೋಪಿನ ಕೊಲ್ಚಿಕಂ ಗಡ್ಡೆಯಲ್ಲೂ, ನಮ್ಮಲ್ಲಿ ಮಳೆಗಾಲದಲ್ಲಿ ಬೇಲಿಯ ಮೇಲೆ ಹಬ್ಬಿ ಗೌರಿ ಹಬ್ಬದ ಹೊತ್ತಿಗೆ ಕೆಂಪು-ಹಳದಿ ಹೂ ಬಿಡುವ ಅಗ್ನಿಶಿಖೆಯಲ್ಲೂ ಇದು ಇದೆ. ಇದು ಆಂಟಿಆಕ್ಸಿಡೆಂಟ್ ಎಂದು ಹೆಸರಾದ ವಸ್ತುವಲ್ಲ. ಬಿಳಿ ರಕ್ತಕಣಗಳ ಒಳಗಿನ ಕೊಳವೆಯಂತಹ ಎಳೆಗಳು ಜೋಡಣೆಯಾಗದಂತೆ ತಡೆದು, ಅವುಗಳ ಓಡಾಟವನ್ನೂ ಉರಿಯೂತದ ಸಂದೇಶಗಳನ್ನೂ ಕುಗ್ಗಿಸುತ್ತದೆ. ಹೃದಯದ ರಕ್ತನಾಳಗಳ ದೀರ್ಘಕಾಲದ ಕಾಯಿಲೆಯಿದ್ದ 5,522 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಲೊಡೊಕೊ-2 ಅಧ್ಯಯನದಲ್ಲಿ, ದಿನಕ್ಕೆ 0.5 ಮಿಲಿಗ್ರಾಂ ಕೊಲ್ಚಿಸಿನ್ ಪಡೆದವರಲ್ಲಿ ಶೇ. 6.8ರಷ್ಟು ಜನರಿಗೆ, ಹುಸಿಮಾತ್ರೆ ಪಡೆದವರಲ್ಲಿ ಶೇ. 9.6ರಷ್ಟು ಜನರಿಗೆ ಹೃದಯದ ಘಟನೆಗಳಾದವು. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಈ ಬಳಕೆಗೆ ಅನುಮತಿ ಕೊಟ್ಟರು. ಆದರೆ ಹೃದಯಾಘಾತವಾದ ಕೂಡಲೇ ಕೊಲ್ಚಿಸಿನ್ ಶುರುಮಾಡಿದ 7,062 ಜನರ ಕ್ಲಿಯರ್ ಅಧ್ಯಯನ 2024ರಲ್ಲಿ ಯಾವ ಲಾಭವನ್ನೂ ತೋರಿಸಲಿಲ್ಲ. ಯಾರಿಗೆ, ಯಾವಾಗ ಕೊಡಬೇಕೆಂಬ ಚರ್ಚೆ ಈಗಲೂ ನಡೆಯುತ್ತಿದೆ. ಅಗ್ನಿಶಿಖೆಯ ಗಡ್ಡೆಯನ್ನಂತೂ ಯಾರೂ ಮುಟ್ಟುವ ಹಾಗಿಲ್ಲ: ಅದರಲ್ಲಿ ಕೊಲ್ಚಿಸಿನ್ ಎಷ್ಟಿದೆಯೆಂಬುದು ಗಿಡದಿಂದ ಗಿಡಕ್ಕೆ ಬದಲಾಗುತ್ತದೆ, ಮತ್ತು ತಿಂದವರಿಗೆ ವಾಂತಿ-ಭೇದಿಯಿಂದ ಆರಂಭವಾಗಿ ಕೆಲವೇ ದಿನಗಳಲ್ಲಿ ಅಂಗಾಂಗಗಳು ಒಂದೊಂದಾಗಿ ಸೋತು ಸಾವು ಬರಬಹುದು.